ಕಾರ್ಬಿನ್ ಪಕ್ಷ ಕಟ್ಟಿದರಾ, ಮುಳುಗಿಸಿದರಾ?

ಪ್ರಶ್ನೆ: ಡರ್ಬಿಯಲ್ಲಿರುವ ಮಗಳ ಮನೆಗೆ ಹೋಗಿ ನಾಲ್ಕು ತಿಂಗಳು ಇದ್ದು ಬಂದೆ. ಪಕ್ಕದ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ. ಆತ ರೈಲ್ವೆಯಲ್ಲಿ ಇದ್ದವರು, ಆಕೆ ನರ್ಸ್ ಆಗಿದ್ದವರು. ಇಬ್ಬರೂ ಮೊದಲಿನಿಂದಲೂ ಲೇಬರ್ ಪಕ್ಷದವರೇ. ಆದರೆ ಪಕ್ಷ ವಿರೋಧದಲ್ಲಿದ್ದಾಗ ಅದರ ನಾಯಕರಾಗಿದ್ದ ಜೆರೆಮಿ ಕಾರ್ಬಿನ್ ಹೆಸರು ಬಂದರೆ ಸಾಕು, ಕಪ್ಪಿನಲ್ಲಿದ್ದ ಟೀ ತಣ್ಣಗಾಗುವವರೆಗೂ ಜಗಳ. ಆಕೆಗೆ ಅವರಂಥ ನಾಯಕ ಇನ್ನೊಬ್ಬರಿಲ್ಲ. ಆತನ ಪ್ರಕಾರ ಪಕ್ಷ ಮುಳುಗಿಸಿದ್ದೇ ಅವರು. ನನಗೆ ಮೂರು ವಿಷಯ ಅರ್ಥವಾಗಲಿಲ್ಲ. ಒಂದೇ ಮನುಷ್ಯನ ಕೆಲಸ ಇಬ್ಬರಿಗೆ ಇಷ್ಟು ಬೇರೆ ಕಾಣುವುದು ಹೇಗೆ? ಅವರು ಅಷ್ಟು ಕೆಟ್ಟ ನಾಯಕ ಅಂತಾದರೆ ಎಂಪಿಗಳೇ ಯಾಕೆ ತೆಗೆದುಹಾಕಲಿಲ್ಲ? ಕೊನೆಗೆ, ಅಧಿಕಾರವೇ ಇಲ್ಲದ ನಾಯಕನ ಕೆಲಸವನ್ನು ಅಳೆಯುವುದಾದರೂ ಹೇಗೆ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ಆ ಯಜಮಾನರ ಕಡೆಗೆ. ಆದರೆ ಅವರ ಹೆಂಡತಿ ಹೇಳುವುದರಲ್ಲಿ ಆತ ಒಪ್ಪಲು ತಯಾರಿಲ್ಲದ ಕೆಲವು ನಿಜಗಳಿವೆ. ಅವನ್ನು ಬಿಟ್ಟು ತೀರ್ಪು ಕೊಟ್ಟರೆ ಆಕೆಗೆ ಅನ್ಯಾಯವಾಗುತ್ತದೆ. ನಾನು ಕಾಲೇಜಿನಲ್ಲಿ ಬ್ರಿಟನ್ನಿನ ಸಂಸತ್ತಿನ ಪಾಠ ಮಾಡುತ್ತಿದ್ದ ಕಾಲದಲ್ಲಿ ವಿರೋಧ ಪಕ್ಷದ ನಾಯಕನಿಗೆ ಮೀಸಲಾಗಿದ್ದದ್ದು ಎರಡೇ ಪುಟ. ಪರೀಕ್ಷೆಯಲ್ಲಿ ಬಂದರೆ ಐದು ಅಂಕದ ಟಿಪ್ಪಣಿ. ಕಾರ್ಬಿನ್ ಬಂದ ಮೇಲೆ ಆ ಎರಡು ಪುಟ ಏನೇನೂ ಸಾಲದು ಅಂತ ಗೊತ್ತಾಯಿತು.

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಬ್ರಿಟನ್ನಿನಲ್ಲಿ ಈ ಹುದ್ದೆಗೆ ಸಂಬಳ ಇದೆ, ಆದರೆ ಏನು ಕೆಲಸ ಅಂತ ಎಲ್ಲೂ ಬರೆದಿಲ್ಲ. 1937ರಲ್ಲಿ ಕಾಯ್ದೆ ಮಾಡಿ ವರ್ಷಕ್ಕೆ 2,000 ಪೌಂಡ್ ಸಂಬಳ ಗೊತ್ತು ಮಾಡಿದರು. ಸರ್ಕಾರವನ್ನು ಬೈಯುವುದಕ್ಕೆ ಸರ್ಕಾರದ್ದೇ ಸಂಬಳ. ಕೆಲಸದ ವಿಷಯ ಮಾತ್ರ ರೂಢಿಗೆ ಬಿಟ್ಟಿದ್ದು. ಬುಧವಾರ ಮಧ್ಯಾಹ್ನ 12 ಗಂಟೆಗೆ ಪ್ರಧಾನಿಯ ಪ್ರಶ್ನೋತ್ತರ ಇರುತ್ತದಲ್ಲ, ಅದರಲ್ಲಿ ಇವರಿಗೆ ಆರು ಪ್ರಶ್ನೆ. ಪ್ರತಿ ಖಾತೆಯ ಮಂತ್ರಿಗೂ ಎದುರಾಗಿ ಒಬ್ಬರನ್ನು ನೇಮಿಸಿ ನೆರಳು ಸಂಪುಟ ಕಟ್ಟಬೇಕು. ಪಕ್ಷದೊಳಗಿನ ಜಗಳ ಬೀದಿಗೆ ಬಾರದ ಹಾಗೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಮಾಡುವಾಗ, 'ನಾಳೆ ಈ ಮನುಷ್ಯ ಪ್ರಧಾನಿಯಾದರೆ ನಡೆಯುತ್ತದೆ' ಅಂತ ಮತದಾರರಿಗೆ ಅನ್ನಿಸಬೇಕು.

ಇದರಲ್ಲಿ ಯಾವುದಕ್ಕೆ ಎಷ್ಟು ಅಂಕ ಅಂತ ಯಾರೂ ಗೊತ್ತು ಮಾಡಿಲ್ಲ. ಎಂಪಿ ಆದವರು ಬುಧವಾರದ ಅರ್ಧ ಗಂಟೆ ನೋಡುತ್ತಾರೆ, ಯಾಕೆಂದರೆ ಹಿಂದಿನ ಬೆಂಚಿನಲ್ಲಿ ಕೂತು ತಲೆ ತಗ್ಗಿಸಬೇಕಾದವರು ಅವರೇ. ಮನೆಮನೆಗೆ ಹೋಗಿ ಕರಪತ್ರ ಹಂಚುವ ಸದಸ್ಯರು ನೋಡುವುದೇ ಬೇರೆ. ನಾವು ಇಷ್ಟು ವರ್ಷ ನಂಬಿದ್ದನ್ನು ಈ ಮನುಷ್ಯ ಬಾಯಿಬಿಟ್ಟು ಹೇಳುತ್ತಾನಾ, ಇಲ್ಲಾ ನುಂಗಿಕೊಳ್ಳುತ್ತಾನಾ ಅಂತ ನೋಡುತ್ತಾರೆ. ಡರ್ಬಿಯ ಆ ಹೆಂಗಸು ಈ ಎರಡನೇ ಸಾಲಿನವರು ಅಂತ ನನ್ನ ಊಹೆ. ಗಂಡ ಯಾವ ಸಾಲಿಗೂ ಪೂರ್ತಿ ಸೇರುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಗೆಲುವು, ಅಷ್ಟೇ.

ಈಗ ಕಾರ್ಬಿನ್ ಬಂದದ್ದು ಹೇಗೆ ನೋಡಿ. 2015ರ ಮೇ ಚುನಾವಣೆಯಲ್ಲಿ ಲೇಬರ್ 232 ಸೀಟಿಗೆ ಇಳಿದು ಎಡ್ ಮಿಲಿಬ್ಯಾಂಡ್ ರಾಜೀನಾಮೆ ಕೊಟ್ಟರು. ಹೊಸ ನಾಯಕನ ಚುನಾವಣೆಗೆ ನಿಲ್ಲಬೇಕಾದರೆ 35 ಎಂಪಿಗಳ ಸಹಿ ಬೇಕಿತ್ತು. ಕಾರ್ಬಿನ್‌ಗೆ ಸಿಕ್ಕಿದ್ದು 36, ಅದೂ ಗಡುವಿಗೆ ಇನ್ನು ಕೆಲವೇ ನಿಮಿಷ ಇರುವಾಗ. ಆ ಸಹಿಗಳಲ್ಲಿ ಎಷ್ಟೋ ಅವರನ್ನು ಬೆಂಬಲಿಸುವವರದ್ದಲ್ಲ. 'ಎಡಪಂಥದ ದನಿಯೂ ಇರಲಿ, ಚರ್ಚೆ ಚೆನ್ನಾಗಿ ಆಗಲಿ' ಅಂತ ದೊಡ್ಡ ಮನಸ್ಸು ಮಾಡಿದವರ ಸಹಿ. ಹಾಗೆ ಸಹಿ ಹಾಕಿದವರಲ್ಲಿ ಮಾರ್ಗರೆಟ್ ಬೆಕೆಟ್ ಒಬ್ಬರು. ಹೀಗೆ ಸಹಿ ಹಾಕಿದವರು ಮೂರ್ಖರು ಅಂತ ಪಕ್ಷದವರೇ ಒಬ್ಬರು ಜರೆದಾಗ, ಆ ಮೂರ್ಖರಲ್ಲಿ ನಾನೂ ಒಬ್ಬಳು ಅಂತ ಅವರೇ ಒಪ್ಪಿಕೊಂಡರು. ಈ ಬೆಕೆಟ್ ಬೇರೆ ಯಾರೂ ಅಲ್ಲ. 1983ರಿಂದ 2024ರವರೆಗೆ ನಿಮ್ಮ ಮಗಳ ಊರಿನ ಡರ್ಬಿ ಸೌತ್ ಕ್ಷೇತ್ರದ ಎಂಪಿ!

ಸುಮ್ನೆ ಚರ್ಚೆಗೆ ಇರಲಿ ಅಂತ ಕರೆತಂದವರು ಗೆದ್ದೇಬಿಟ್ಟರು. ಅದಕ್ಕೆ ಒಂದು ಕಾರಣ ನಿಯಮ ಬದಲಾದದ್ದು. 1980ರವರೆಗೆ ಲೇಬರ್ ನಾಯಕನನ್ನು ಎಂಪಿಗಳು ಮಾತ್ರ ಆರಿಸುತ್ತಿದ್ದರು. ಆಮೇಲೆ ಎಂಪಿಗಳು, ಕಾರ್ಮಿಕ ಸಂಘಗಳು, ಸ್ಥಳೀಯ ಪಕ್ಷಗಳು ಅಂತ ಪಾಲು ಹಂಚಿದರು. ಮಿಲಿಬ್ಯಾಂಡ್ ಕಾಲದಲ್ಲಿ, 2014ರಲ್ಲಿ, ಅದನ್ನೂ ತೆಗೆದು ಒಬ್ಬರಿಗೆ ಒಂದು ಓಟು ಅಂತ ಮಾಡಿದರು. ಎಂಪಿಯ ಓಟಿಗೂ ಕರಪತ್ರ ಹಂಚುವವನ ಓಟಿಗೂ ಒಂದೇ ಬೆಲೆ. ಮೂರು ಪೌಂಡ್ ಕೊಟ್ಟು ಹೆಸರು ಬರೆಸಿದವರಿಗೂ ಓಟು.

ಆ ಮೂರು ಪೌಂಡಿನವರೇ ಕಾರ್ಬಿನ್‌ರನ್ನು ಗೆಲ್ಲಿಸಿದ್ದು ಅಂತ ಆ ಯಜಮಾನರು ಹೇಳಬಹುದು. ಅರ್ಧ ಸತ್ಯ ಅದು. ಹಾಗೆ ಬಂದವರಲ್ಲಿ ನೂರಕ್ಕೆ 84ರಷ್ಟು ಜನ ಕಾರ್ಬಿನ್‌ಗೆ ಹಾಕಿದ್ದು ಹೌದು. ಆದರೆ ಪಕ್ಷದ ಪೂರ್ಣ ಸದಸ್ಯರಲ್ಲೂ ನಾಲ್ವರು ಅಭ್ಯರ್ಥಿಗಳ ನಡುವೆ ಅವರಿಗೆ ಬಿದ್ದದ್ದು ಶೇ 49.6. ಎಲ್ಲ ಸೇರಿ ಶೇ 59.5. ಬೇರೆ ಮೂವರಲ್ಲಿ ಯಾರೂ ಶೇ 20ನ್ನು ಮುಟ್ಟಲಿಲ್ಲ. ಹೊರಗಿನವರು ಬಂದು ಪಕ್ಷ ಕದ್ದರು ಅನ್ನೋ ಕಥೆ ಅಲ್ಲಿಗೆ ಬಿದ್ದುಹೋಗುತ್ತದೆ.

ಇನ್ನೊಂದು ಕಾರಣ ಒಂದೇ ಒಂದು ರಾತ್ರಿಯದು. ಆ ಜುಲೈನಲ್ಲಿ ಟೋರಿ, ಅಂದರೆ ಕನ್ಸರ್ವೇಟಿವ್ ಪಕ್ಷದ, ಸರ್ಕಾರ ಬಡವರ ಭತ್ಯೆ ಕಡಿತದ ಮಸೂದೆ ತಂದಿತು. ವಿರೋಧ ಪಕ್ಷ ಏನು ಮಾಡಬೇಕು? ವಿರೋಧಿಸಬೇಕು, ಅಲ್ವಾ? ಹಂಗಾಮಿ ನಾಯಕಿ ಹ್ಯಾರಿಯಟ್ ಹಾರ್ಮನ್ ತಟಸ್ಥವಾಗಿರಿ ಅಂದರು. ಚುನಾವಣೆ ಈಗಷ್ಟೇ ಸೋತಿದ್ದೇವೆ, ಜನರ ಮನಸ್ಸು ಆ ಕಡೆ ಇದೆ ಅನ್ನೋದು ಅವರ ಲೆಕ್ಕ. ನಾಯಕನ ಸ್ಪರ್ಧೆಯಲ್ಲಿದ್ದ ಬರ್ನಮ್, ಕೂಪರ್, ಕೆಂಡಲ್ ಮೂವರೂ ತಟಸ್ಥರಾದರು. ಪಕ್ಷದ ಮಾತು ಮೀರಿ ವಿರುದ್ಧ ಓಟು ಹಾಕಿದ 48 ಲೇಬರ್ ಎಂಪಿಗಳಲ್ಲಿ ಕಾರ್ಬಿನ್ ಇದ್ದರು. ಜೀವಮಾನವಿಡೀ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡಿದ ಹೆಂಗಸಿಗೆ ಆವತ್ತು ಏನನ್ನಿಸಿರಬೇಕು, ಯೋಚಿಸಿ. ಅದೇ ದಿನಗಳಲ್ಲಿ ಲೇಬರ್‌ನ ಮಾಜಿ ಪ್ರಧಾನಿ ಟೋನಿ ಬ್ಲೇರ್, ನಿಮ್ಮ ಹೃದಯ ಕಾರ್ಬಿನ್ ಕಡೆ ಅಂತ ಹೇಳಿದರೆ ಹೋಗಿ ಹೃದಯ ಕಸಿ ಮಾಡಿಸಿಕೊಳ್ಳಿ ಅಂತ ಕುಹಕವಾಡಿದರು. ಬ್ಲೇರ್ ಬಾಯಿ ತೆರೆದಷ್ಟೂ ಕಾರ್ಬಿನ್‌ಗೆ ಓಟು ಹೆಚ್ಚಿತು ಅಂತಲೇ ನನ್ನ ಅನಿಸಿಕೆ. ಅಂದ ಹಾಗೆ, ಬ್ಲೇರ್ ಮತ್ತು ಕಾರ್ಬಿನ್ ಇಬ್ಬರೂ ಮೊದಲ ಸಲ ಸಂಸತ್ತಿಗೆ ಬಂದದ್ದು ಒಂದೇ ಚುನಾವಣೆಯಲ್ಲಿ, 1983ರಲ್ಲಿ.

ಸದನದಲ್ಲಿ ಅವರ ಮೊದಲ ಬುಧವಾರ ಸೆಪ್ಟೆಂಬರ್ 16. ಪ್ರಶ್ನೆ ಕಳಿಸಿ ಅಂತ ಜನರನ್ನು ಕೇಳಿದ್ದರು, 40,000ಕ್ಕೂ ಹೆಚ್ಚು ಬಂದವು. ಮೇರಿ ಅನ್ನುವವರು ಬಾಡಿಗೆ ಜಾಸ್ತಿ ಆಗಿದೆ ಅಂತ ಬರೆದಿದ್ದಾರೆ, ಏನು ಹೇಳುತ್ತೀರಿ ಅಂತ ಪ್ರಧಾನಿ ಕ್ಯಾಮರೂನ್‌ರನ್ನು ಮೆತ್ತಗೆ ಕೇಳಿದರು. ಕಿರುಚಾಟ ಇಲ್ಲ, ಚುಚ್ಚುಮಾತಿಲ್ಲ. ಸದಸ್ಯರಿಗೆ ಖುಷಿಯೋ ಖುಷಿ. ಹಿಂದೆ ಕೂತ ಎಂಪಿಗಳಿಗೆ ಎದೆ ಧಸಕ್ಕೆಂದಿತು. ಯಾಕೆಂದರೆ ಮೇರಿಯ ಪ್ರಶ್ನೆಗೆ ಪ್ರಧಾನಿ ಮರ್ಯಾದೆಯಿಂದ ಉತ್ತರ ಕೊಟ್ಟು ಕೂತುಬಿಡಬಹುದು. ಆ ಉತ್ತರದಲ್ಲಿ ಬಿರುಕು ಹುಡುಕಿ ಮರುಪ್ರಶ್ನೆ ಹಾಕಿದರೆ ತಾನೇ ಮಂತ್ರಿಗಳು ಬೆವರುವುದು? ಆ ಮರುಪ್ರಶ್ನೆ ಕಾರ್ಬಿನ್‌ಗೆ ಕೊನೆಯವರೆಗೂ ಸರಿಯಾಗಿ ಒಲಿಯಲಿಲ್ಲ. ಬರೆದುಕೊಂಡು ಬಂದದ್ದನ್ನು ಓದುತ್ತಿದ್ದರು. ಐದು ತಿಂಗಳ ನಂತರ ಕ್ಯಾಮರೂನ್ ಸದನದಲ್ಲೇ, ನಮ್ಮ ತಾಯಿ ಇಲ್ಲಿದ್ದರೆ ಒಳ್ಳೆ ಸೂಟು ಹಾಕು, ಟೈ ಬಿಗಿ ಮಾಡು, ರಾಷ್ಟ್ರಗೀತೆ ಹಾಡು ಅಂತಿದ್ದರು ಅಂತ ಅವರನ್ನು ಹಂಗಿಸಿದರು. ನಾಯಕರಾದ ವಾರದಲ್ಲೇ ಯುದ್ಧಸ್ಮರಣೆಯ ಕಾರ್ಯಕ್ರಮದಲ್ಲಿ ರಾಷ್ಟ್ರಗೀತೆ ಹಾಡದೆ ಕಾರ್ಬಿನ್ ಸುಮ್ಮನೆ ನಿಂತಿದ್ದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು.

ಹಾಗಂತ ಅವರು ಏನೂ ಸಾಧಿಸಲಿಲ್ಲ ಅನ್ನೋದು ಸುಳ್ಳು. ಮೊದಲ ಆರೇಳು ತಿಂಗಳಲ್ಲೇ ಸರ್ಕಾರ ಎರಡು ದೊಡ್ಡ ಕಡಿತಗಳಿಂದ ಹಿಂದೆ ಸರಿಯಿತು. ಒಂದು ಕಡಿಮೆ ಸಂಬಳದ ಕುಟುಂಬಗಳ ತೆರಿಗೆ ನೆರವು, ಇನ್ನೊಂದು ಅಂಗವಿಕಲರ ಭತ್ಯೆ. ಅದರಲ್ಲಿ ಮೇಲ್ಮನೆಯ ಪಾಲೂ ಇತ್ತು, ಟೋರಿಗಳ ಒಳಜಗಳದ ಪಾಲೂ ಇತ್ತು. ಆದರೂ ಆ ಕಡಿತಗಳ ಬಗ್ಗೆ ತಟಸ್ಥರಾಗಿ ಕೂರುವ ಕಾಲ ಮುಗಿಯಿತು ಅನ್ನೋದು ಅಲ್ಲಿ ಗೊತ್ತಾಯಿತು. ಆಕೆ ಇದನ್ನು ಮರೆಯುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ, ಎಂಪಿಗಳು ಯಾಕೆ ತೆಗೆಯಲಿಲ್ಲ ಅನ್ನೋದು. ತೆಗೆಯಲು ನೋಡಿದರು, ಆಗಲಿಲ್ಲ. ನನಗೆ ಇಡೀ ಕಥೆಯಲ್ಲಿ ಜಾಸ್ತಿ ಸ್ವಾರಸ್ಯ ಕಾಣುವುದು ಇಲ್ಲೇ.

2016ರ ಜೂನ್ 23ಕ್ಕೆ ಯುರೋಪ್ ಒಕ್ಕೂಟದ ಜನಮತ ಸಂಗ್ರಹ. ಲೇಬರ್ ಪಕ್ಷದ ನಿಲುವು ಒಕ್ಕೂಟದಲ್ಲೇ ಇರಬೇಕು ಅನ್ನೋದು. ಕಾರ್ಬಿನ್‌ರನ್ನು ಟಿವಿಯಲ್ಲಿ ನಿಮಗೆ ಎಷ್ಟು ಉತ್ಸಾಹ ಇದೆ ಅಂತ ಕೇಳಿದರೆ ಹತ್ತಕ್ಕೆ ಏಳು, ಏಳೂವರೆ ಅಂದರು. ಪ್ರಾಮಾಣಿಕ ಉತ್ತರವೇ. ಆದರೆ ಮದುವೆ ಮನೆಯಲ್ಲಿ ಹುಡುಗಿಯ ಅಪ್ಪನೇ ಹುಡುಗ ಪರವಾಗಿಲ್ಲ ಅಂದ ಹಾಗಾಯಿತು. ಶೇ 51.9 ಜನ ಹೊರಬರೋಣ ಅಂದರು. ಮೂರೇ ದಿನಕ್ಕೆ ಹಿಲರಿ ಬೆನ್ ಅವರನ್ನು ಕಾರ್ಬಿನ್ ನೆರಳು ಸಂಪುಟದಿಂದ ತೆಗೆದರು. ಅವರ ಹಿಂದೆ ಒಬ್ಬರಾದ ಮೇಲೆ ಒಬ್ಬರು ರಾಜೀನಾಮೆ. ಜೂನ್ 28ಕ್ಕೆ ಲೇಬರ್ ಎಂಪಿಗಳೇ ಗುಟ್ಟಿನ ಮತದಾನ ನಡೆಸಿದರು. ಕಾರ್ಬಿನ್ ಮೇಲೆ ವಿಶ್ವಾಸ ಇಲ್ಲ ಅಂದವರು 172, ಇದೆ ಅಂದವರು 40. ಮರುದಿನ ಸದನದಲ್ಲಿ, ತಾನೇ ರಾಜೀನಾಮೆ ಘೋಷಿಸಿ ಕೂತಿದ್ದ ಕ್ಯಾಮರೂನ್ ಕೂಡ ದೇವರಾಣೆಗೂ ಹೋಗಯ್ಯ ಅಂತ ಅವರಿಗೆ ಹೇಳಿದರು.

ಅವರು ಹೋಗಲಿಲ್ಲ. ಹೋಗಬೇಕು ಅಂತ ನಿಯಮವೂ ಇರಲಿಲ್ಲ. ಇದನ್ನು ಟೋರಿಗಳ ಜೊತೆ ಹೋಲಿಸಿ ನೋಡಿ. 2001ರಲ್ಲಿ ಅವರ ಸದಸ್ಯರು ಇಯಾನ್ ಡಂಕನ್ ಸ್ಮಿತ್ ಅವರನ್ನು ಶೇ 61 ಮತದಿಂದ ಆರಿಸಿದ್ದರು. ಎಂಪಿಗಳ ಕೊನೆಯ ಸುತ್ತಿನಲ್ಲಿ ಅವರಿಗೆ ಬಿದ್ದದ್ದು 54 ಓಟು ಮಾತ್ರ. ಮೂರನೆಯವರಿಗೆ 53. ಹೀಗೆ ಒಂದು ಓಟಿನಲ್ಲಿ ದಾಟಿಕೊಂಡು ಬಂದ ಮನುಷ್ಯ ಸದನದಲ್ಲಿ ಬ್ಲೇರ್ ಎದುರು ಮಂಕಾದರು. ತನ್ನನ್ನು ತಾನೇ ಮೌನಿ ಅಂತ ಕರೆದುಕೊಂಡಿದ್ದರು. 2003ರ ಸಮ್ಮೇಳನದಲ್ಲಿ ಈ ಮೌನಿ ಈಗ ದನಿ ಏರಿಸುತ್ತಾನೆ ಅಂತ ಘೋಷಿಸಿದರು. ತಿಂಗಳೊಳಗೆ ಅವರ ಎಂಪಿಗಳು ಅವಿಶ್ವಾಸ ಮತ ಹಾಕಿದರು, 90ಕ್ಕೆ 75. ಅಲ್ಲಿಗೆ ಮುಗಿಯಿತು. ಟೋರಿ ನಿಯಮದಲ್ಲಿ ಆರಿಸುವುದರ ಕೊನೆಯ ಮಾತು ಸದಸ್ಯರದ್ದು, ಕಿತ್ತುಹಾಕುವ ಮಾತು ಎಂಪಿಗಳದ್ದು. ಲೇಬರ್ ನಿಯಮದಲ್ಲಿ ಎರಡೂ ಸದಸ್ಯರದ್ದೇ. 172 ಎಂಪಿಗಳು ಬೇಡ ಅಂದರೂ ಅದಕ್ಕೆ ಬೆಲೆ ಬರುವುದು ಸದಸ್ಯರು ಒಪ್ಪಿದರೆ ಮಾತ್ರ. ಹೈಕಮಾಂಡಿನಿಂದ ಒಂದು ಫೋನ್ ಬಂದರೆ ಮುಖ್ಯಮಂತ್ರಿಯೇ ಬದಲಾಗುವುದನ್ನು ನೋಡಿದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ.

ಆಮೇಲೆ ನಡೆದದ್ದು ಕೋರ್ಟು ಕಚೇರಿಯ ಕಥೆ. ಲೇಬರ್ ಎಂಪಿ ಓವೆನ್ ಸ್ಮಿತ್ ನಾಯಕನ ಹುದ್ದೆಗೆ ಸವಾಲು ಹಾಕಿದರು. ಹಾಲಿ ನಾಯಕನೂ ಎಂಪಿಗಳ ಸಹಿ ತರಬೇಕಾ ಅಂತ ವಾದ. ಬೇಕು ಅಂದಿದ್ದರೆ ಕಾರ್ಬಿನ್ ಕಣಕ್ಕೆ ಇಳಿಯುವುದೇ ಕಷ್ಟವಿತ್ತು. ಪಕ್ಷದ ಕಾರ್ಯಕಾರಿ ಸಮಿತಿ 18-14 ಮತದಲ್ಲಿ ಬೇಡ ಅಂದಿತು. ಕೋರ್ಟೂ ಒಪ್ಪಿತು. ಇನ್ನೊಂದು ಕಡೆ ಅದೇ ಸಮಿತಿ ಆ ವರ್ಷ ಜನವರಿ ಮಧ್ಯದ ನಂತರ ಸೇರಿದವರಿಗೆ ಓಟಿಲ್ಲ ಅಂತ ಮಾಡಿತು. ಬೆಂಬಲಿಗನಾಗಿ ಓಟು ಹಾಕಬೇಕಾದರೆ ಈ ಸಲ ಮೂರು ಪೌಂಡ್ ಅಲ್ಲ, 25 ಪೌಂಡ್. ಅಷ್ಟಾದರೂ ಸೆಪ್ಟೆಂಬರಿನಲ್ಲಿ ಕಾರ್ಬಿನ್‌ಗೆ ಸಿಕ್ಕಿದ್ದು ಶೇ 61.8. ಹೋದ ಸಲಕ್ಕಿಂತ ಜಾಸ್ತಿ!

ಎಂಪಿಗಳು ಮಾಡಿದ ಈ ಬಂಡಾಯ ಶುದ್ಧ ದಡ್ಡತನ ಅಂತ ನನ್ನ ಅಭಿಪ್ರಾಯ. ದೇಶ ಜನಮತದ ಪೆಟ್ಟಿನಿಂದ ತತ್ತರಿಸಿತ್ತು, ಟೋರಿ ಪ್ರಧಾನಿ ರಾಜೀನಾಮೆ ಕೊಟ್ಟಿದ್ದರು. ವಿರೋಧ ಪಕ್ಷಕ್ಕೆ ಇಂಥ ಬೇಸಿಗೆ ಮತ್ತೆ ಸಿಗುವುದಿಲ್ಲ. ಆ ಬೇಸಿಗೆಯನ್ನು ಮನೆಯ ಪಾತ್ರೆ ಎಸೆಯುವುದರಲ್ಲಿ ಕಳೆದರು. ಸೋತು ಕೂತಿದ್ದರೆ ತಾನಾಗೇ ಕಳೆಗುಂದುತ್ತಿದ್ದ ನಾಯಕನನ್ನು ಸದಸ್ಯರ ಕಣ್ಣಲ್ಲಿ ಹುತಾತ್ಮ ಮಾಡಿದರು. ಬೆಂಬಲಿಗರು ಎರಡು ಪಾಳೆಯವಾಗಿ ಗಟ್ಟಿಯಾದದ್ದು ಆವಾಗಲೇ. ಅಲ್ಲಿಯವರೆಗೆ 'ನೋಡೋಣ' ಅಂತಿದ್ದವರೂ ಒಂದು ಕಡೆ ನಿಲ್ಲಬೇಕಾಯಿತು. ಕಾರ್ಬಿನಿಸ್ಟಾ, ಬ್ಲೇರೈಟ್ ಅನ್ನುವ ಮಾತುಗಳು ಬೈಗುಳಗಳಾದವು. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಕಾರ್ಬಿನ್ ಹಿಂದಿನ ಬೆಂಚಿನಲ್ಲಿ ಕೂತ ಕಾಲದಲ್ಲಿ ತಮ್ಮದೇ ಪಕ್ಷದ ವಿಪ್ ಮೀರಿ ನಾನೂರಕ್ಕೂ ಹೆಚ್ಚು ಸಲ ಓಟು ಹಾಕಿದವರು. ಈಗ ನಾನು ನಾಯಕ, ನಿಷ್ಠೆ ತೋರಿಸಿ ಅಂದರೆ ಎಂಪಿಗಳಿಗೆ ನಗು ಬರದೆ ಇರುತ್ತದಾ?

2017ರ ಫೆಬ್ರವರಿಯಲ್ಲಿ ಕೋಪ್ಲಂಡ್ ಉಪಚುನಾವಣೆಯನ್ನು ಲೇಬರ್ ಸೋತಿತು. ವಿರೋಧ ಪಕ್ಷದ ಸೀಟನ್ನು ಆಳುವ ಪಕ್ಷ ಉಪಚುನಾವಣೆಯಲ್ಲಿ ಕಿತ್ತುಕೊಂಡದ್ದು 1982ರ ನಂತರ ಅದೇ ಮೊದಲು. ಇನ್ನು ಕಾರ್ಬಿನ್ ಕಥೆ ಮುಗಿಯಿತು ಅಂತ ಕ್ಯಾಮರೂನ್ ನಂತರ ಪ್ರಧಾನಿಯಾಗಿದ್ದ ತೆರೇಸಾ ಮೇ ಕೂಡ ಅಂದುಕೊಂಡರು. ಏಪ್ರಿಲ್‌ನಲ್ಲಿ ದಿಢೀರ್ ಚುನಾವಣೆ ಕರೆದರು. ಸಮೀಕ್ಷೆಗಳಲ್ಲಿ ಟೋರಿಗಳು 20 ಅಂಕದಷ್ಟು ಮುಂದಿದ್ದರು.

ಆಮೇಲಿನ ಏಳು ವಾರ ಮಾತ್ರ ಆ ಹೆಂಗಸಿನದು. ಬುಧವಾರದ ಸದನದಲ್ಲಿ ತಡವರಿಸುತ್ತಿದ್ದ ಅದೇ ಮನುಷ್ಯ ಬೀದಿಗೆ ಬಂದ ಕೂಡಲೇ ಅರಳಿಬಿಟ್ಟರು. ರೈಲು, ನೀರು ಸರ್ಕಾರದ ಕೈಗೆ ವಾಪಸ್, ಕಾಲೇಜು ಶುಲ್ಕ ರದ್ದು ಅಂತ ಪ್ರಣಾಳಿಕೆ. ಮೇ ತಮ್ಮ ಪ್ರಣಾಳಿಕೆಯ ವೃದ್ಧರ ಆರೈಕೆಯ ಯೋಜನೆಯನ್ನು ಕೆಲವೇ ದಿನಗಳಲ್ಲಿ ತಿದ್ದಬೇಕಾಗಿ ಬಂದು ಮುಖಭಂಗ ಅನುಭವಿಸಿದರು. ಜೂನ್ 8ರ ರಾತ್ರಿ 10 ಗಂಟೆಗೆ ಮತಗಟ್ಟೆ ಸಮೀಕ್ಷೆ ಬಂತು, ಅತಂತ್ರ ಸಂಸತ್ತು! ಲೇಬರ್‌ಗೆ ಶೇ 40 ಮತ, 262 ಸೀಟು. ಹಿಂದಿನ ಚುನಾವಣೆಗಿಂತ ಮತಪ್ರಮಾಣ ಸುಮಾರು ಹತ್ತು ಅಂಕ ಏರಿತು. 1945ರ ನಂತರ ಲೇಬರ್ ಒಂದೇ ಚುನಾವಣೆಯಲ್ಲಿ ಅಷ್ಟು ಏರಿರಲಿಲ್ಲ. ನೂರು ವರ್ಷ ಟೋರಿ ಕೈಯಲ್ಲಿದ್ದ ಕ್ಯಾಂಟರ್ಬರಿ ಕೂಡ ಲೇಬರ್‌ಗೆ ಬಂತು. ಅದೇ ತಿಂಗಳು ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ಸಾವಿರಾರು ಹುಡುಗ ಹುಡುಗಿಯರು ಅವರ ಹೆಸರನ್ನೇ ಹಾಡಾಗಿ ಕೂಗಿದರು. 68 ವರ್ಷದ ರಾಜಕಾರಣಿಗೆ!

ಎಲ್ಲಾ ಸರಿ. ಆದರೆ 262 ಅಂದರೆ ಬಹುಮತಕ್ಕೆ ಅರವತ್ತಕ್ಕೂ ಹೆಚ್ಚು ಕಡಿಮೆ. ಮೇ ಅವರೇ ಪ್ರಧಾನಿಯಾಗಿ ಉಳಿದರು. ಆ ಯಜಮಾನರು ಇದನ್ನು ಹೇಳಿದಾಗ ಆಕೆಗೆ ಸಿಟ್ಟು ಬರುತ್ತದೆ ಅಂತ ಕಾಣುತ್ತದೆ. ಸೋತದ್ದನ್ನು ಗೆದ್ದ ಹಾಗೆ ಆಚರಿಸಿದ್ದೇ ಮುಂದಿನ ತಪ್ಪಿಗೆ ದಾರಿ ಮಾಡಿತು ಅಂತ ನನಗೂ ಅನಿಸುತ್ತದೆ. ಇನ್ನೊಂದು ತಳ್ಳು ತಳ್ಳಿದರೆ ಸಾಕು ಅಂತ ಪಕ್ಷ ನಂಬಿಕೊಂಡಿತು.

ಮುಂದಿನ ಎರಡೂವರೆ ವರ್ಷದಲ್ಲಿ ಎರಡು ವಿಷಯ ಅವರನ್ನು ಕೆಡವಿದವು. ಒಂದು ಬ್ರೆಕ್ಸಿಟ್. ಲೇಬರ್ ಸದಸ್ಯರಲ್ಲಿ ಹೆಚ್ಚಿನವರು ಯುರೋಪಿನಲ್ಲಿ ಇರಬೇಕು ಅನ್ನೋರು. ಲೇಬರ್ ಗೆದ್ದ ಕ್ಷೇತ್ರಗಳಲ್ಲಿ ಹೆಚ್ಚಿನವು ಹೊರಬರಬೇಕು ಅಂದಿದ್ದವು. ಇಲ್ಲಿ ಯಾವ ನಾಯಕನಿಗಾದರೂ ಕಷ್ಟವೇ. ಕಾರ್ಬಿನ್ ಎರಡೂ ಕಡೆ ಕಾಲಿಟ್ಟು ನಿಂತರು. 2019ರ ಜನವರಿಯಲ್ಲಿ, ಒಕ್ಕೂಟದಿಂದ ಹೊರಬರಲು ಪ್ರಧಾನಿ ಮೇ ಮಾಡಿಕೊಂಡ ಒಪ್ಪಂದ 432-202 ಮತಗಳಲ್ಲಿ ಬಿದ್ದಾಗ ಅದು ಯಾವ ಸರ್ಕಾರವೂ ಕಂಡಿರದ ಸೋಲು. ವಿರೋಧಿಸುವ ಕೆಲಸಕ್ಕೆ ಪೂರ್ತಿ ಅಂಕ. ಆದರೆ ಅದರ ಬದಲಿಗೆ ನಿಮ್ಮದೇನು ಅಂತ ಜನ ಕೇಳಿದರು. ಹೊಸ ಒಪ್ಪಂದ ಮಾಡುತ್ತೇವೆ, ಅದನ್ನು ಮತ್ತೆ ಜನಮತಕ್ಕೆ ಇಡುತ್ತೇವೆ, ಆಗ ನಾನು ತಟಸ್ಥನಾಗಿರುತ್ತೇನೆ ಅಂದರು. ತಟಸ್ಥ! 2015ರಲ್ಲಿ ತಟಸ್ಥರಾದವರನ್ನು ಸೋಲಿಸಿ ಬಂದ ಮನುಷ್ಯ ಹೇಳಿದ ಮಾತು ಅದು. ಆ ವರ್ಷದ ಯುರೋಪ್ ಚುನಾವಣೆಯಲ್ಲಿ ಲೇಬರ್ ಆಗಲೇ ಮೂರನೇ ಸ್ಥಾನಕ್ಕೆ ಬಿದ್ದಿತ್ತು.

ಇನ್ನೊಂದು ಪಕ್ಷದೊಳಗಿನ ಯಹೂದಿ ದ್ವೇಷದ ದೂರುಗಳು. 2019ರ ಫೆಬ್ರವರಿಯಲ್ಲಿ ಏಳು ಎಂಪಿಗಳು ಪಕ್ಷ ಬಿಟ್ಟರು. ಅವರಲ್ಲಿ ಯಹೂದಿ ಎಂಪಿ ಲೂಸಿಯಾನಾ ಬರ್ಜರ್ ಕೂಡ ಇದ್ದರು. 2020ರ ಅಕ್ಟೋಬರಿನಲ್ಲಿ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ಪಕ್ಷ ಕಾನೂನು ಮೀರಿದೆ ಅಂತಲೇ ವರದಿ ಕೊಟ್ಟಿತು. ಸಮಸ್ಯೆಯನ್ನು ರಾಜಕೀಯ ಕಾರಣಕ್ಕೆ ತುಂಬಾ ದೊಡ್ಡದು ಮಾಡಿದರು ಅಂತ ಕಾರ್ಬಿನ್ ಹೇಳಿದ್ದಕ್ಕೆ ಅದೇ ದಿನ ಅಮಾನತಾದರು. ಆಕೆಯ ಪಾಳೆಯದವರು ಇದೆಲ್ಲ ಶತ್ರುಗಳ ಪಿತೂರಿ ಅನ್ನುತ್ತಾರೆ. ಪಕ್ಷವೇ ಮಾಡಿಸಿದ ತನಿಖೆಯ, 2022ರಲ್ಲಿ ಬಂದ ಫೋರ್ಡ್ ವರದಿ ಎರಡೂ ಗುಂಪುಗಳು ಈ ವಿಷಯವನ್ನು ಒಳಜಗಳದ ಆಯುಧ ಮಾಡಿಕೊಂಡವು ಅಂದದ್ದು ನಿಜ. ಆದರೆ ದೂರು ಕೊಟ್ಟವರಿಗೆ ನ್ಯಾಯ ಕೊಡಿಸುವುದು ನಾಯಕನ ಮನೆಗೆಲಸ. ಅದನ್ನು ಬೇರೆ ಯಾರ ತಲೆಗೂ ಕಟ್ಟಲಾಗದು. ಈ ಒಂದು ವಿಷಯದಲ್ಲಿ ನಾನು ಆಕೆಗೆ ಒಂದಿಷ್ಟೂ ರಿಯಾಯಿತಿ ಕೊಡುವುದಿಲ್ಲ.

ನಿಮ್ಮ ಮಗಳ ಭಾರತೀಯ ಗೆಳೆಯರನ್ನು ಕೇಳಿದರೆ ಮೂರನೆಯ ದೂರೊಂದು ಸಿಗಬಹುದು. 2019ರ ಸೆಪ್ಟೆಂಬರಿನಲ್ಲಿ ಲೇಬರ್ ಸಮ್ಮೇಳನ ಕಾಶ್ಮೀರದ ಬಗ್ಗೆ ನಿರ್ಣಯ ಮಾಡಿತು. ಅದು ಭಾರತದ ವಿರುದ್ಧ ಅಂತ ಅಲ್ಲಿನ ಎಷ್ಟೋ ಭಾರತೀಯರು ಸಿಟ್ಟಾದರು. ಬಿಜೆಪಿಯ ಸಾಗರೋತ್ತರ ಬೆಂಬಲಿಗರ ಸಂಘಟನೆ 48 ಕ್ಷೇತ್ರಗಳಲ್ಲಿ ಟೋರಿಗಳ ಪರ ಪ್ರಚಾರಕ್ಕೆ ಇಳಿಯಿತು. ನಾವು ಯಾರ ಪರವೂ ಅಲ್ಲ ಅಂತ ಲೇಬರ್ ಪಕ್ಷದ ಅಧ್ಯಕ್ಷರು ಪತ್ರ ಬರೆಯಬೇಕಾಯಿತು.

2019ರ ಡಿಸೆಂಬರ್ 12ಕ್ಕೆ ಲೇಬರ್ 202 ಸೀಟಿಗೆ ಕುಸಿಯಿತು. 1935ರ ನಂತರ ಅಷ್ಟು ಕಡಿಮೆ ಇಲ್ಲ. ಬ್ಲೇರ್ ಗೆಲ್ಲುತ್ತಿದ್ದ ಸೆಜ್‌ಫೀಲ್ಡ್ ಹೋಯಿತು. ಸುಮಾರು ಅರ್ಧ ಶತಮಾನ ಡೆನ್ನಿಸ್ ಸ್ಕಿನ್ನರ್ ಗೆದ್ದಿದ್ದ, ಹಳೆಯ ಕಲ್ಲಿದ್ದಲು ಗಣಿಗಳ ಬೋಲ್ಸೋವರ್ ಹೋಯಿತು.

ಅಲ್ಲಿಗೆ ಆ ಯಜಮಾನರ ವಾದ ಗೆದ್ದಿತು ಅಂದುಕೊಂಡಿರಾ? ಆಕೆಯ ಹತ್ತಿರ ಇನ್ನೊಂದು ಲೆಕ್ಕ ಇದೆ. ನೀವು ಅಲ್ಲಿದ್ದಾಗ ಅದನ್ನು ಖಂಡಿತ ಕೇಳಿರುತ್ತೀರಿ. ಕಾರ್ಬಿನ್ ನಂತರ ಬಂದ ಕೀರ್ ಸ್ಟಾರ್ಮರ್ 2024ರ ಜುಲೈನಲ್ಲಿ 411 ಸೀಟು ಗೆದ್ದು ಪ್ರಧಾನಿಯಾದರು. ಅವರಿಗೆ ಬಿದ್ದ ಓಟು ಸುಮಾರು 97 ಲಕ್ಷ, ಶೇ 33.7. ಕಾರ್ಬಿನ್‌ಗೆ 2017ರಲ್ಲಿ ಬಿದ್ದದ್ದು 1 ಕೋಟಿ 28 ಲಕ್ಷ. ನೆಲಕಚ್ಚಿದ 2019ರಲ್ಲೂ 1 ಕೋಟಿ 2 ಲಕ್ಷ! ಅಂದರೆ ಸೋತವರಿಗೆ ಎರಡು ಸಲವೂ ಜಾಸ್ತಿ ಓಟು. ಆಕೆ ಇದನ್ನು ಹೇಳಿದರೆ ಸುಳ್ಳಲ್ಲ. ಆದರೆ ಬ್ರಿಟನ್ನಿನಲ್ಲಿ ನಮ್ಮ ಹಾಗೆಯೇ, ಕ್ಷೇತ್ರದಲ್ಲಿ ಮೊದಲು ಬಂದವರೇ ಗೆದ್ದವರು. ಓಟು ಎಷ್ಟು ಅನ್ನುವುದಕ್ಕಿಂತ ಎಲ್ಲಿ ಬಿತ್ತು ಅನ್ನೋದು ಮುಖ್ಯ. ಕಾರ್ಬಿನ್ ಓಟು ಮೊದಲೇ ಲೇಬರ್ ಗಟ್ಟಿಯಿದ್ದ ದೊಡ್ಡ ಊರುಗಳಲ್ಲಿ ಗುಡ್ಡೆ ಬಿತ್ತು. ಸ್ಟಾರ್ಮರ್ ಓಟು ತೆಳ್ಳಗೆ, ಬೇಕಾದಲ್ಲಿ ಹರಡಿತ್ತು. ಜೊತೆಗೆ ಎದುರಾಳಿಗಳ ಪಾಡೂ ಬೇರೆ. 2017ರಲ್ಲಿ ಟೋರಿಗಳಿಗೆ ಶೇ 42 ಓಟು ಒಟ್ಟಾಗಿ ಬಿದ್ದಿತ್ತು. 2024ರಲ್ಲಿ ರಿಫಾರ್ಮ್ ಅನ್ನುವ ಬಲಪಂಥದ ಪಕ್ಷ ಅದನ್ನು ಮಧ್ಯಕ್ಕೆ ಸೀಳಿತು. ಆದ್ದರಿಂದ ಸ್ಟಾರ್ಮರ್ ಗೆಲುವಿನಲ್ಲಿ ಅವರ ಸಾಧನೆ ಎಷ್ಟು, ಟೋರಿಗಳ ಪತನ ಎಷ್ಟು ಅನ್ನೋದು ಬೇರೆ ಜಗಳ.

ಸ್ಟಾರ್ಮರ್ ವಿರೋಧ ಪಕ್ಷದಲ್ಲಿ ಇದ್ದಾಗಲೂ ಬೆಂಬಲಿಗರು ಒಂದಾಗಿರಲಿಲ್ಲ ಅನ್ನೋದನ್ನು ಈಗ ಎಲ್ಲರೂ ಮರೆಯುತ್ತಾರೆ. ಹತ್ತು ವಾಗ್ದಾನ ಕೊಟ್ಟು ನಾಯಕರಾಗಿ, ಆಮೇಲೆ ಒಂದೊಂದಾಗಿ ಬಿಟ್ಟರು ಅಂತ ಎಡಪಂಥದವರ ಸಿಟ್ಟು. 2021ರ ಮೇ ತಿಂಗಳಲ್ಲಿ ಹಾರ್ಟಲ್‌ಪೂಲ್ ಉಪಚುನಾವಣೆ ಸೋತಾಗ ಬಿಟ್ಟುಬಿಡೋಣ ಅಂತ ಅವರಿಗೇ ಅನ್ನಿಸಿತ್ತಂತೆ. ಅದೇ ವರ್ಷ ನಿಯಮ ತಿದ್ದಿದರು. ಇನ್ನು ಮುಂದೆ ನಾಯಕನ ಸ್ಪರ್ಧೆಗೆ ಇಳಿಯಲು ಶೇ 20 ಎಂಪಿಗಳ ಸಹಿ ಬೇಕು. ಬೆಕೆಟ್ ಥರದ ಉದಾರ ಸಹಿಯಿಂದ ಇನ್ನೊಬ್ಬ ಕಾರ್ಬಿನ್ ಬರಬಾರದು ಅಂತ ಬಾಗಿಲಿಗೆ ಹಾಕಿದ ಅಗುಳಿ ಅದು.

ಟೋರಿಗಳ ಸಂಗತಿ ಬೇಗ ಹೇಳಿ ಮುಗಿಸುತ್ತೇನೆ. 2024ರ ಸೋಲಿನ ಮೇಲೆ ನಾಲ್ಕು ತಿಂಗಳು ವಿರೋಧ ಪಕ್ಷದ ನಾಯಕನ ಕುರ್ಚಿಯಲ್ಲಿ ಕೂತಿದ್ದವರು ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿಯವರ ಗಂಡ ರಿಷಿ ಸುನಕ್. ಅವರ ಕೆಲಸದ ಬಗ್ಗೆ ಯಾರೂ ಜಗಳವಾಡಲಿಲ್ಲ. ಹೋಗುವವರು ಅಂತ ಎಲ್ಲರಿಗೂ ಗೊತ್ತಿತ್ತಲ್ಲ. ನವೆಂಬರ್ 2ಕ್ಕೆ ಕೆಮಿ ಬೇಡನಾಕ್ ಶೇ 56.5 ಮತದಿಂದ ಆಯ್ಕೆಯಾದ ಕೂಡಲೇ ಆ ಮನೆಯಲ್ಲೂ ಅದೇ ಗಲಾಟೆ ಶುರುವಾಯಿತು. ಬುಧವಾರ ಸಾಲದು ಅಂತ ಒಬ್ಬರು, ಸಮಯ ಕೊಡಿ ಅಂತ ಇನ್ನೊಬ್ಬರು.

ನನ್ನ ಅಂಕ ಕೇಳಿದರೆ ಕೊಡುತ್ತೇನೆ. ಬೀದಿಯ ಪ್ರಚಾರಕ್ಕೆ ಕಾರ್ಬಿನ್‌ಗೆ ಹತ್ತಕ್ಕೆ ಒಂಬತ್ತು. ಬುಧವಾರಕ್ಕೆ ನಾಲ್ಕು. ಪಕ್ಷದ ಮನೆಯನ್ನು ಒಟ್ಟಾಗಿ ಇಟ್ಟುಕೊಂಡದ್ದಕ್ಕೆ ಎರಡು, ಅದರಲ್ಲಿ ಎಂಪಿಗಳ ಪಾಪದ ಪಾಲೂ ಸೇರಿದೆ ಅಂತ ಇನ್ನೊಂದು. ಬ್ರೆಕ್ಸಿಟ್‌ಗೆ ಅವರೇ ಹೇಳಿದ ಏಳೂವರೆ ಕೊಡಲಾರೆ.

ಆ ಗಂಡ ಹೆಂಡತಿ ಡರ್ಬಿ ನಾರ್ತ್ ಕ್ಷೇತ್ರದವರಾ, ಸೌತ್‌ನವರಾ ಅಂತ ನೀವು ಬರೆದಿಲ್ಲ. ಮುಂದಿನ ಸಲ ಹೋದಾಗ ಕೇಳಿ. ಸೌತ್ ಆದರೆ ಈ ಜಗಳಕ್ಕೆ ಬೀಜ ಹಾಕಿದ ಸಹಿ ಅವರೇ ಓಟು ಕೊಟ್ಟು ಕಳಿಸಿದ ಎಂಪಿಯದು. ನಾರ್ತ್ ಆದರೆ ಇನ್ನೂ ಮಜಾ. ಅಲ್ಲಿ 2015ರಲ್ಲಿ ಲೇಬರ್ ಸೋತದ್ದು ಬರೀ 41 ಓಟಿನಿಂದ. 2017ರಲ್ಲಿ ಕಾರ್ಬಿನ್ ಅಲೆಯಲ್ಲಿ ಗೆದ್ದರು, ಗೆದ್ದವರು ಅವರ ಕಟ್ಟಾ ಬೆಂಬಲಿಗ ಕ್ರಿಸ್ ವಿಲಿಯಮ್ಸನ್. ಯಹೂದಿ ದ್ವೇಷದ ದೂರುಗಳ ಬಗ್ಗೆ ಆಡಿದ ಮಾತಿಗೆ ಅವರು ಅಮಾನತಾಗಿ, 2019ರಲ್ಲಿ ಪಕ್ಷೇತರರಾಗಿ ನಿಂತು ಠೇವಣಿ ಕಳೆದುಕೊಂಡರು. ಸೀಟು ಟೋರಿಗಳಿಗೆ ಹೋಯಿತು. 2024ರಲ್ಲಿ ಮತ್ತೆ ಲೇಬರ್‌ಗೆ ಬಂತು. ಕಾರ್ಬಿನ್ ಅಷ್ಟರಲ್ಲಿ ಲೇಬರ್‌ನಲ್ಲೇ ಇರಲಿಲ್ಲ. ಲಂಡನ್ನಿನ ಇಸ್ಲಿಂಗ್ಟನ್ ನಾರ್ತ್‌ನಲ್ಲಿ ಪಕ್ಷೇತರರಾಗಿ ನಿಂತು, ತಮ್ಮ ಹಳೆಯ ಪಕ್ಷದ ಅಭ್ಯರ್ಥಿಯನ್ನೇ ಏಳು ಸಾವಿರಕ್ಕೂ ಹೆಚ್ಚು ಓಟಿನಿಂದ ಸೋಲಿಸಿದರು. ಆವತ್ತು ರಾತ್ರಿ ಆ ಮನೆಯ ಟಿವಿ ಮುಂದೆ ಯಾರು ಯಾವುದಕ್ಕೆ ಚಪ್ಪಾಳೆ ತಟ್ಟಿದರು ಅಂತ ಕೇಳಿಕೊಂಡು ಬನ್ನಿ, ನನಗೂ ತಿಳಿಸಿ.